ಪ್ರೋಟೀನ್ ಪುಡಿ ಕೊಳ್ಳುವ ಮೊದಲು ಡಬ್ಬದ ತಳ ನೋಡಿ

ನನ್ನ ತಮ್ಮ ತೋರಣಗಲ್ಲಿನಲ್ಲಿ ಶಿಫ್ಟ್ ಡ್ಯೂಟಿ ಮಾಡುತ್ತಾನೆ. ಡ್ಯೂಟಿ ಮುಗಿಸಿ ಬಳ್ಳಾರಿಗೆ ಬಂದು ನೇರ ಜಿಮ್‌ಗೆ ಹೋಗುತ್ತಾನೆ. ಹೋದ ಬೇಸಿಗೆಯಲ್ಲಿ ಒಂದು ದಿನ ಎರಡು ಕಿಲೋ ಪ್ರೋಟೀನ್ ಡಬ್ಬ ಹೊತ್ತು ತಂದ. ಎಂಆರ್‌ಪಿಗಿಂತ ಸಾವಿರದ ಎಂಟುನೂರು ರೂಪಾಯಿ ಕಮ್ಮಿ ಸಿಕ್ಕಿತು ಅಂತ ಖುಷಿಯಾಗಿದ್ದ. ಬಿಲ್ ಎಲ್ಲಿ ಅಂದರೆ ಇಲ್ಲ. ನಾನು ಡಬ್ಬ ತಿರುಗಿಸಿ ತಳ ನೋಡಿದೆ. ಆಗಷ್ಟೇ ಕೈ ತೊಳೆದಿದ್ದೆ, ಒದ್ದೆ ಹೆಬ್ಬೆರಳು ಬ್ಯಾಚ್ ನಂಬರಿನ ಮೇಲೆ ಹೋಯಿತು ನೋಡಿ, ಅರ್ಧ ನಂಬರ್ ಕಪ್ಪಾಗಿ ಬೆರಳಿಗೇ ಬಂತು. ಮುಚ್ಚಳ ತೆಗೆದರೆ ಒಳಗಿನ ಬೆಳ್ಳಿ ಹಾಳೆ ಒಂದು ಕಡೆ ಎದ್ದಿತ್ತು, ಅದರ ಅಂಚಲ್ಲಿ ಗೋಂದು ಗಟ್ಟಿಯಾಗಿ ಕೂತಿತ್ತು.

ಮಸಿ ಅಳಿಸಿತು ಅಂದ ಮಾತ್ರಕ್ಕೆ ನಕಲಿ ಅಂತ ಹೇಳಲಾಗುವುದಿಲ್ಲ. ಆದರೆ ಬಿಲ್ಲೂ ಇಲ್ಲ, ನಂಬರೂ ಇಲ್ಲ ಅಂದಮೇಲೆ ಆ ಪುಡಿ ಎಲ್ಲಿಂದ ಬಂತು ಅಂತ ಯಾರನ್ನು ಕೇಳೋಣ? ಅಂಗಡಿಗೆ ವಾಪಸ್ ಹೋದೆವು. "ಎಲ್ಲಾ ಹುಡುಗರು ಇದನ್ನೇ ಒಯ್ತಾರ್ರೀ ಸರ್, ಏನೂ ಆಗಂಗಿಲ್ಲ" ಅಂದರು. ದುಡ್ಡು ವಾಪಸ್ ಬರಲಿಲ್ಲ. ಅವತ್ತಿನಿಂದ ನಾನು ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಈಗ ತಾಲೂಕಿಗೆ ನಾಲ್ಕು ಜಿಮ್ ಆಗಿವೆ, ಹತ್ತೊಂಬತ್ತು ಇಪ್ಪತ್ತರ ಹುಡುಗರು ದಿನಕ್ಕೆ ಎರಡು ಸ್ಕೂಪ್ ಕುಡಿಯುತ್ತಿದ್ದಾರೆ. ಅವರಿಗೂ ಅವರ ಮನೆಯವರಿಗೂ ಗೊತ್ತಿರಲಿ ಅಂತ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. ಇಲ್ಲಿ ತೊಂದರೆ ಎರಡು ಥರ. ಒಂದು, ಯಾರೋ ಬೇಕಂತಲೇ ಕಲಬೆರಕೆ ಮಾಡುವುದು. ಇನ್ನೊಂದು, ಒರಿಜಿನಲ್ ಡಬ್ಬದಲ್ಲೇ ಬೇಡದ್ದು ಸೇರಿಕೊಂಡಿರುವುದು. ನಮ್ಮ ಹುಡುಗರು ಮೊದಲನೆಯದಕ್ಕೆ ಮಾತ್ರ ಹೆದರುತ್ತಾರೆ. ಒರಿಜಿನಲ್ ಅಂತ ಗೊತ್ತಾದರೆ ಸಾಕು, ಕಣ್ಣುಮುಚ್ಚಿ ಕುಡಿಯುತ್ತಾರೆ. ನನಗೆ ಜಾಸ್ತಿ ಚಿಂತೆ ಇರುವುದು ಎರಡನೆಯದರ ಬಗ್ಗೆ.

ಒರಿಜಿನಲ್‌ನಲ್ಲಿ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಎಲ್ಲಿಂದ ಬರುತ್ತವೆ? ಬಹುಪಾಲು ಮಣ್ಣಿಂದ. ಗಂಗಾವತಿ, ಸಿಂಧನೂರು ಕಡೆ ಭತ್ತ ಬೆಳೆಯುವವರಿಗೆ ಗೊತ್ತು, ಗದ್ದೆಯಲ್ಲಿ ನೀರು ನಿಂತೇ ಇರಬೇಕು. ನೀರು ನಿಂತ ಮಣ್ಣಲ್ಲಿ ಗಾಳಿ ಆಡುವುದಿಲ್ಲ. ಅಂಥ ಮಣ್ಣಲ್ಲಿ ಆರ್ಸೆನಿಕ್ ಇದ್ದರೆ ಅದು ಬಿಡಿಸಿಕೊಂಡು ನೀರಿಗೆ ಬರುತ್ತದೆ, ಬೇರು ಅದನ್ನು ಎಳೆದುಕೊಳ್ಳುತ್ತದೆ. ಯಾವ ದೇಶದ ಭತ್ತವಾದರೂ ಇದೇ ಕಥೆ. ಅಕ್ಕಿ, ಬಟಾಣಿ ಇಂಥವುಗಳಿಂದ ಪ್ರೋಟೀನ್ ತೆಗೆಯುವಾಗ ಕಿಲೋಗಟ್ಟಲೆ ಕಾಳನ್ನು ಸ್ವಲ್ಪ ಪುಡಿಗೆ ಇಳಿಸುತ್ತಾರೆ. ಕಾಳಲ್ಲಿ ಚೂರುಪಾರು ಇದ್ದ ಲೋಹವೂ ಜೊತೆಗೆ ಗಟ್ಟಿಯಾಗಬಹುದು. ಅದಕ್ಕೇ ಹಾಲಿನ ವೇ (ಹಾಲು ಒಡೆದಾಗ ಉಳಿಯುವ ತಿಳಿನೀರಿನಿಂದ ಮಾಡಿದ) ಪುಡಿಗಿಂತ ಸಸ್ಯದ ಪುಡಿಯಲ್ಲಿ ಸೀಸ ಜಾಸ್ತಿ ಸಿಗುತ್ತದೆ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 2025ರಲ್ಲಿ 23 ಪುಡಿ ಮತ್ತು ಪಾನೀಯ ಪರೀಕ್ಷೆ ಮಾಡಿದಾಗ ಸಸ್ಯದವುಗಳಲ್ಲಿ ಸರಾಸರಿ ಸೀಸ ಹಾಲಿನವುಗಳ ಒಂಬತ್ತು ಪಟ್ಟು ಇತ್ತು. ಅದೇ ವರ್ಷ ಕ್ಲೀನ್ ಲೇಬಲ್ ಪ್ರಾಜೆಕ್ಟ್ ಅನ್ನುವ ಇನ್ನೊಂದು ಸಂಸ್ಥೆ 160 ಪುಡಿಗಳನ್ನು ನೋಡಿತು. ಅಲ್ಲಿ ಚಾಕೊಲೇಟ್ ರುಚಿಯದರಲ್ಲಿ ವೆನಿಲಾಗಿಂತ ನಾಲ್ಕು ಪಟ್ಟು ಸೀಸ ಇತ್ತು, ಆರ್ಗ್ಯಾನಿಕ್ ಅಂತ ಬರೆದದ್ದರಲ್ಲಿ ಬರೆಯದೇ ಇದ್ದದ್ದಕ್ಕಿಂತ ಮೂರು ಪಟ್ಟು. ಕೋಕೋದಿಂದಲೂ ಸೀಸ ಬರುತ್ತದೆ ಅಂತ ನಮಗೆ ಯಾರು ಹೇಳಿದ್ದರು? ಆರ್ಗ್ಯಾನಿಕ್ ಅಂದರೆ ಗೊಬ್ಬರ, ಔಷಧಿಯ ಮಾತು ಅಷ್ಟೇ, ಮಣ್ಣಲ್ಲಿರುವ ಲೋಹಕ್ಕೂ ಅದಕ್ಕೂ ಸಂಬಂಧ ಇಲ್ಲ.

ಸೀಸಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಗೊತ್ತಾಗುವುದಿಲ್ಲ. ಮೂಳೆಯಲ್ಲಿ ಕೂತು ವರ್ಷಗಟ್ಟಲೆ ಉಳಿಯುತ್ತದೆ. ಇಷ್ಟರವರೆಗೆ ಸುರಕ್ಷಿತ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕ್ಯಾಡ್ಮಿಯಂ ಕಿಡ್ನಿಯಲ್ಲಿ ಸೇರುತ್ತದೆ. ಹಾಗಂತ ಒಂದು ಸ್ಕೂಪ್ ಕುಡಿದವರು ನಾಳೆ ಮಲಗಿಬಿಡುವುದಿಲ್ಲ, ಅಷ್ಟು ಗಾಬರಿ ಬೇಡ. ದಿನಾ ಎರಡು ಸ್ಕೂಪ್, ಮೂರು ನಾಲ್ಕು ವರ್ಷ, ಲೆಕ್ಕ ಬರುವುದು ಅಲ್ಲಿ.

ನಮ್ಮ ದೇಶದ ಪರೀಕ್ಷೆಯೂ ಇದೆ. 2024ರಲ್ಲಿ ಕೇರಳದ ವೈದ್ಯರು ಮತ್ತು ಅವರ ಜೊತೆಗಾರರು ಇಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಲ್ಯಾಬಿಗೆ ಹಾಕಿ ಮೆಡಿಸಿನ್ ಅನ್ನುವ ಪತ್ರಿಕೆಯಲ್ಲಿ ಪ್ರಕಟಿಸಿದರು. 36ರಲ್ಲಿ 25 ಡಬ್ಬಗಳಲ್ಲಿ ಬರೆದಷ್ಟು ಪ್ರೋಟೀನ್ ಇರಲಿಲ್ಲ, ಕೆಲವದರಲ್ಲಿ ಅರ್ಧದಷ್ಟೇ. ಸುಮಾರು 14% ರಲ್ಲಿ ಅಫ್ಲಾಟಾಕ್ಸಿನ್, 8% ರಲ್ಲಿ ಕೀಟನಾಶಕದ ಉಳಿಕೆ ಸಿಕ್ಕಿತು. ಅಫ್ಲಾಟಾಕ್ಸಿನ್ ಅಂದರೆ ಬೂಸ್ಟಿನ ವಿಷ. ಸರಿಯಾಗಿ ಒಣಗದ ಶೇಂಗಾದಲ್ಲಿ ಹಿಡಿಯುತ್ತದಲ್ಲ, ಆ ಬೂಸ್ಟು. ಲಿವರ್‌ಗೆ ಕೆಟ್ಟದ್ದು.

ಇನ್ನು ಕಲಬೆರಕೆ. ಲ್ಯಾಬಿನ ಸಾಮಾನ್ಯ ಪರೀಕ್ಷೆ ಪ್ರೋಟೀನನ್ನು ನೇರ ಅಳೆಯುವುದಿಲ್ಲ, ಸಾರಜನಕ ಅಳೆದು 6.25ರ ಹತ್ತಿರದ ಅಂಕಿಯಿಂದ ಗುಣಿಸುತ್ತದೆ. ಗ್ಲೈಸಿನ್, ಟಾರಿನ್ ಅನ್ನುವ ಅಗ್ಗದ ಅಮೈನೋ ಆಮ್ಲ ಬೆರೆಸಿದರೆ ಸಾರಜನಕ ಏರುತ್ತದೆ, ಕಾಗದದ ಮೇಲೆ ಪ್ರೋಟೀನೂ ಏರುತ್ತದೆ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮೈನ್ ಅನ್ನುವ, ಪ್ಲಾಸ್ಟಿಕ್ ಮಾಡಲು ಬಳಸುವ ರಾಸಾಯನಿಕ ಬೆರೆಸಿದ್ದೂ ಇದೇ ಲೆಕ್ಕ ಹಾಕಿ. ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಆರು ಹಸುಗೂಸುಗಳು ತೀರಿಕೊಂಡವು.

ಸರಿ, ಕೊಳ್ಳುವಾಗ ಏನು ಮಾಡಬೇಕು ಅಂದರೆ, ಬಿಲ್ ಇಲ್ಲದೆ ಡಬ್ಬ ಮುಟ್ಟಬೇಡಿ. ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಬರೆಸಿಕೊಳ್ಳಿ, ಬರೆಯಲ್ಲ ಅಂದರೆ ಅಂಗಡಿಯಲ್ಲೇ ಡಬ್ಬದ ತಳದ ಫೋಟೋ ತೆಗೆದುಕೊಳ್ಳಿ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್ 14 ಅಂಕಿ ಇರುತ್ತದೆ, ಎಣಿಸಿ. ಅದನ್ನು ಅವರದೇ ಫೋಸ್ಕೋಸ್ (FoSCoS) ವೆಬ್‌ಸೈಟಿನಲ್ಲಿ ಹಾಕಿದರೆ ಯಾರ ಹೆಸರಲ್ಲಿದೆ, ಇನ್ನೂ ಚಾಲ್ತಿಯಲ್ಲಿದೆಯಾ ಗೊತ್ತಾಗುತ್ತದೆ. ಹೊರದೇಶದ ಡಬ್ಬವಾದರೆ ಆಮದು ಮಾಡಿದವರ ಹೆಸರು, ವಿಳಾಸ, ಅವರ ಲೈಸೆನ್ಸ್ ನಂಬರ್ ಇರಲೇಬೇಕು. ಇಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ, ಎಷ್ಟೇ ಕಮ್ಮಿ ರೇಟ್ ಇರಲಿ.

ಹಿಂದಿನ ಲೇಬಲ್ ಓದಿ. 33 ಗ್ರಾಂ ಸ್ಕೂಪಿಗೆ 24 ಗ್ರಾಂ ಪ್ರೋಟೀನ್ ಅಂದರೆ ನೂರಕ್ಕೆ ಸುಮಾರು 73ರಷ್ಟಾಯಿತು. ಪದಾರ್ಥಗಳ ಸಾಲಲ್ಲಿ ಮೊದಲು ಸಕ್ಕರೆ ಅಥವಾ ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ ಅಗ್ಗದ ಪುಡಿ) ಬಂದರೆ ನೀವು ಪ್ರೋಟೀನಿಗೆ ದುಡ್ಡು ಕೊಡುತ್ತಿಲ್ಲ ಅಂತ ತಿಳಿಯಿರಿ. ಗಿಡಮೂಲಿಕೆ ಸಾರಗಳ ಉದ್ದ ಪಟ್ಟಿ ಇದ್ದರೆ ನಾನಂತೂ ತಗೊಳ್ಳುವುದಿಲ್ಲ. ಬೆರಕೆ ಜಾಸ್ತಿ ಆದಷ್ಟೂ ತೊಂದರೆ ಎಲ್ಲಿಂದ ಬಂತು ಅಂತ ಹುಡುಕುವುದು ಕಷ್ಟ.

ಬಹಳ ಮುಖ್ಯ ಇದು: ಕಂಪನಿಗೆ ಒಂದು ಮೇಲ್ ಹಾಕಿ ನಿಮ್ಮ ಬ್ಯಾಚಿನ ಲ್ಯಾಬ್ ರಿಪೋರ್ಟ್ ಕೇಳಿ. ಎರಡು ಸಾಲು ಸಾಕು, ಕನ್ನಡದಲ್ಲೇ ಬರೆದರೂ ನಡೆಯುತ್ತದೆ. ರಿಪೋರ್ಟ್ ಬಂದರೆ ಮೊದಲು ಅದರ ಬ್ಯಾಚ್ ನಂಬರ್ ನಿಮ್ಮ ಡಬ್ಬದ ನಂಬರಿಗೆ ಹೊಂದುತ್ತದಾ ನೋಡಿ. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸ, ನಾಲ್ಕಕ್ಕೂ ಅಂಕಿ ಇರಬೇಕು. "ಪಾಸ್" ಅಂತ ಮಾತ್ರ ಬರೆದಿದ್ದರೆ ಅಂಕಿ ಕಳಿಸಿ ಅನ್ನಿ. ಲ್ಯಾಬಿಗೆ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯಾ ಅದನ್ನೂ ನೋಡಿ. ಲೆಕ್ಕ ಸುಲಭ. ಸೀಸ ಕಿಲೋಗೆ 0.1 ಮಿಲಿಗ್ರಾಂ ಅಂತಿದೆ ಅಂದುಕೊಳ್ಳಿ. ಅಂದರೆ ಒಂದು ಗ್ರಾಂ ಪುಡಿಯಲ್ಲಿ 0.1 ಮೈಕ್ರೋಗ್ರಾಂ. 30 ಗ್ರಾಂ ಸ್ಕೂಪಿಗೆ 3 ಮೈಕ್ರೋಗ್ರಾಂ, ದಿನಕ್ಕೆ ಎರಡಾದರೆ 6. ಕ್ಯಾಲಿಫೋರ್ನಿಯಾದಲ್ಲಿ ಒಂದು ವಸ್ತುವಿನಿಂದ ದಿನಕ್ಕೆ 0.5 ಮೈಕ್ರೋಗ್ರಾಂ ಸೀಸ ದಾಟಿದರೆ ಎಚ್ಚರಿಕೆ ಬರೆಯಬೇಕು. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಗು ಹೆರುವ ವಯಸ್ಸಿನ ಹೆಂಗಸರಿಗೆ ಇಡೀ ದಿನದ ಊಟ ತಿಂಡಿ ಎಲ್ಲ ಸೇರಿ 8.8 ಮೈಕ್ರೋಗ್ರಾಂ ಅಂತ ಇಟ್ಟುಕೊಂಡಿದೆ. ಈ ಎರಡರ ನಡುವೆ ನಿಮ್ಮ ಅಂಕಿ ಎಲ್ಲಿ ಬರುತ್ತದೆ ನೋಡಿಕೊಳ್ಳಿ. ರಿಪೋರ್ಟ್ ಕಳಿಸದ ಕಂಪನಿಯ ಡಬ್ಬ ಮತ್ತೆ ಕೊಳ್ಳಬೇಡಿ.

ನೀರಲ್ಲಿ ಕಲಸಿ ನೊರೆ ನೋಡುವುದು, ಬೆಂಕಿಗೆ ಹಿಡಿಯುವುದು, ಅಯೋಡಿನ್ ಹಾಕುವುದು, ಇವೆಲ್ಲ ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತವೆ. ಅಯೋಡಿನ್‌ಗೆ ನೀಲಿ ಬಂದರೆ ಹಿಟ್ಟು ಬೆರೆಸಿದ್ದಾರೆ ಅಂತ ಅನುಮಾನಿಸಬಹುದು. ಸೀಸ ಮಾತ್ರ ಮನೆಯ ಯಾವ ಪರೀಕ್ಷೆಗೂ ಸಿಗುವುದಿಲ್ಲ.

ಸ್ಪರ್ಧೆಗೆ ಓಡುವವರು, ಕುಸ್ತಿ, ಕಬಡ್ಡಿ ಆಡುವವರು ಇನ್ನೂ ಹುಷಾರಾಗಿರಬೇಕು. ಕೆಲವು ಪುಡಿಗಳಲ್ಲಿ ಲೇಬಲ್ಲಿನಲ್ಲಿ ಇಲ್ಲದ ಸ್ಟೀರಾಯ್ಡ್ ಸಿಕ್ಕಿದ್ದುಂಟು. ಡೋಪ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ "ನನಗೆ ಗೊತ್ತಿರಲಿಲ್ಲ" ಅಂದರೂ ಹೊಣೆ ಆಟಗಾರನದೇ. ನಿಷೇಧಿತ ವಸ್ತು ಇದೆಯಾ ಅಂತ ಪರೀಕ್ಷಿಸಿ ಕೊಡುವ ಇನ್‌ಫಾರ್ಮ್ಡ್ ಸ್ಪೋರ್ಟ್ ಅಥವಾ ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್ ಗುರುತಿದ್ದರೆ, ಅದನ್ನೂ ಅವರವರ ವೆಬ್‌ಸೈಟಿನಲ್ಲಿ ತಾಳೆ ನೋಡಿ.

ಪುಡಿ ಬೇಕೇ ಬೇಕಾ ಅಂತಲೂ ಒಮ್ಮೆ ಯೋಚಿಸಿ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಮೈ ಕಟ್ಟಲು ಪ್ರೋಟೀನ್ ಪುಡಿ ಬೇಡ ಅಂತಲೇ ಹೇಳಿದೆ. ದೇಹದ ತೂಕದ ಕಿಲೋಗೆ ದಿನಕ್ಕೆ 1.6 ಗ್ರಾಂ ದಾಟಿದರೆ ಭಾರ ಎತ್ತುವವರಿಗೂ ಜಾಸ್ತಿ ಲಾಭ ಇಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ದೊಡ್ಡ ಲೋಟ ಹಾಲಲ್ಲಿ 8. ನೂರು ಗ್ರಾಂ ಶೇಂಗಾದಲ್ಲಿ 25, ಪುಟಾಣಿಯಲ್ಲಿ 20ರ ಮೇಲೆ. ಎರಡು ಜೋಳದ ರೊಟ್ಟಿ, ಮಡಕಿ ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು ನಮ್ಮ ಮನೆಗಳಲ್ಲಿ ಇದ್ದೇ ಇರುತ್ತದೆ ಅಲ್ವಾ? ಶೇಂಗಾದಲ್ಲಿ ಮುರುಟಿದ್ದು, ಕಪ್ಪಾದದ್ದು, ಬೂಸ್ಟು ಹಿಡಿದದ್ದು ಆರಿಸಿ ಬಿಸಾಕಿ. ಹುರಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ.

ಗರ್ಭಿಣಿಯರು, ಹದಿನೆಂಟು ತುಂಬದ ಮಕ್ಕಳು, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಈ ಪುಡಿ ಮುಟ್ಟಬಾರದು. ತಾಯಿಯ ರಕ್ತದಲ್ಲಿರುವ ಸೀಸ ಹೊಟ್ಟೆಯ ಮಗುವಿಗೂ ಹೋಗುತ್ತದೆ. ಪುಡಿ ಕುಡಿಯುವ ಹುಡುಗನಿಗೆ ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ವಾಂತಿ ನಿಲ್ಲದಿದ್ದರೆ, ಎದೆ ಊದಿಕೊಂಡರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಬ್ಬವನ್ನೂ ಒಯ್ಯಿರಿ. ಮನೆಯಲ್ಲಿ ಬೈಯುತ್ತಾರೆ ಅಂತ ಎಷ್ಟೋ ಹುಡುಗರು ಡಾಕ್ಟರ ಮುಂದೆ ಪುಡಿಯ ವಿಷಯವೇ ಎತ್ತುವುದಿಲ್ಲ. ದಯವಿಟ್ಟು ಬೈಯಬೇಡಿ, ಅವನು ಬಾಯಿ ಬಿಡುವುದು ಮುಖ್ಯ.

ಅನುಮಾನ ಬಂದ ಡಬ್ಬವನ್ನು ಬಿಸಾಕಬೇಡಿ, ಪುಡಿ ಸಮೇತ ಮುಚ್ಚಿಡಿ. ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ಬರೆದು ಕೊಡಿ, ಅಥವಾ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಆದರೆ ಪರೀಕ್ಷೆಗೆ ಕಳಿಸುತ್ತೇನೆ ಅಂತ ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿರಬೇಕು. ತಪ್ಪು ಸಿಕ್ಕರೆ ಕಟ್ಟಿದ ಶುಲ್ಕ ವಾಪಸ್.

ನಮ್ಮ ಬಿಸಿಲಲ್ಲಿ ಡಬ್ಬವನ್ನು ತಗಡಿನ ಶೀಟಿನ ಕೋಣೆಯಲ್ಲೋ ಬೈಕಿನ ಡಿಕ್ಕಿಯಲ್ಲೋ ಇಡಬೇಡಿ. ಒದ್ದೆ ಸ್ಕೂಪ್ ಒಳಗೆ ಹಾಕಬೇಡಿ. ಗಂಟುಗಂಟಾಗಿ ವಾಸನೆ ಬಂದರೆ ಜರಡಿ ಹಿಡಿದು ಕುಡಿಯುವುದು ಬೇಡ.

ಖಾಲಿಯಾದ ಡಬ್ಬವನ್ನು ಹಾಗೇ ಗುಜರಿಗೆ ಹಾಕಬೇಡಿ. ಒಳ್ಳೆ ಕಂಪನಿಯ ಖಾಲಿ ಡಬ್ಬ ಸಿಕ್ಕರೆ ನಕಲಿ ಪುಡಿ ತುಂಬುವವರ ಕೆಲಸ ಅರ್ಧ ಮುಗಿದಂತೆ. ನನ್ನ ತಮ್ಮ ಈಗ ಲೇಬಲ್ ಚಾಕುವಿನಿಂದ ಅಡ್ಡ ಸೀಳಿ, ಮುಚ್ಚಳ ಎರಡು ತುಂಡು ಮಾಡಿ, ತಳದಲ್ಲಿ ಕಾಯಿಸಿದ ಮೊಳೆಯಿಂದ ನಾಲ್ಕು ತೂತು ಹೊಡೆದು ಆಮೇಲೆ ಕೊಡುತ್ತಾನೆ.