ಪಿಟ್ಠು ತುಂಬುವ ಮೊದಲೇ 20 ಕಿಲೋ

ಪೆರ್ಲದ ನಮ್ಮ ಮನೆಯ ಹಟ್ಟಿಗೆ ಸೊಪ್ಪು ಗುಡ್ಡೆಯಿಂದಲೇ ಬರಬೇಕಿತ್ತು. ಅಪ್ಪ ಹೊರೆ ಕಟ್ಟಿಕೊಡುತ್ತಿದ್ದರು. ಆದರೆ ತಲೆಗೆ ಎತ್ತಿಸುತ್ತಿರಲಿಲ್ಲ. ನಾನು ಒದ್ದಾಡಿದರೆ, "ಎರಡು ಹಿಡಿ ತೆಗೆ, ಆಗ ನೋಡು" ಎನ್ನುತ್ತಿದ್ದರು.

ಆ ಮಾತು ಮತ್ತೆ ನೆನಪಾದದ್ದು ಕಾಶ್ಮೀರದ ಕಡೆಯ ಪೀರ್ ಪಂಜಾಲ್ ಬೆಟ್ಟದಲ್ಲಿ. ನಾನಾಗ ಹವಾಲ್ದಾರ್, ಹತ್ತು ಜನರ ಸೆಕ್ಷನ್ ನನ್ನ ಕೈಗೆ ಹೊಸತು. ಎರಡು ರಾತ್ರಿಯ ಗಸ್ತು. ಹೆದರಿಕೆಗೆ ಅದೂ ಇರಲಿ, ಇದೂ ಇರಲಿ ಎಂದು ತುಂಬಿಸಿದೆ. ಒಬ್ಬೊಬ್ಬನ ಮೈಮೇಲೆ 30 ಕಿಲೋ ದಾಟಿತು. ಎರಡನೇ ದಿನ ನಾಲೆಗೆ ಇಳಿಯುವಾಗ ಒಬ್ಬ ಹುಡುಗ ಜಾರಿ ಮೊಣಕಾಲು ತಿರುಚಿಕೊಂಡ. ಅವನನ್ನು ಹೊರಲು ನಾಲ್ಕು ಜನ. ಆ ಐವರ ಪಿಟ್ಠುಗಳೂ, ಅಂದರೆ ಬೆನ್ನಿನ ಚೀಲಗಳೂ, ಉಳಿದ ಐವರ ಮೇಲೆ. ವಾಪಸ್ ಬಂದು ಸುರಿದು ನೋಡಿದರೆ ಅರ್ಧ ಸಾಮಾನು ಮುಟ್ಟದೆ ಹಾಗೇ ಇತ್ತು. ಯಾರೂ ನನಗೆ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಲಂಗರಿನಿಂದ ತಕ್ಕಡಿ ತಂದೆ. ಫೌಜಿನಲ್ಲಿ ಅಡುಗೆಮನೆಗೆ ಲಂಗರ್ ಎನ್ನುತ್ತಾರೆ. ಮೈತೂಕದ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೊರಬಾರದು ಎಂಬ ಹಳೆಯ ಲೆಕ್ಕ ಇದೆ, ಅಲ್ವಾ? ನಾನು 62 ಕಿಲೋ. ಅಂದರೆ ನನ್ನ ಪಾಲು ಹೆಚ್ಚುಕಡಿಮೆ 20. ಇನ್ಸಾಸ್ ರೈಫಲ್ ಖಾಲಿ ಇದ್ದಾಗಲೇ 4 ಕಿಲೋ ದಾಟುತ್ತದೆ. ಗುಂಡು ತುಂಬಿದ ಐದು ಮ್ಯಾಗಜಿನ್ ಒಂದೂವರೆ ಕಿಲೋಗಿಂತ ಮೇಲೆ. ನಮ್ಮ ಬುಲೆಟ್‌ಪ್ರೂಫ್ ಜಾಕೆಟ್ ಸುಮಾರು 10. ಗುಂಡು ತಡೆಯಲು ತಲೆಗೆ ಕಟ್ಟುವ ಪಟ್ಕಾ ಎರಡೂವರೆ. ಎರಡು ಲೀಟರ್ ನೀರು ಎಂದರೆ 2 ಕಿಲೋ. ಕೂಡಿಸಿ ನೋಡಿ, ಪಿಟ್ಠುವಿನ ಬಾಯಿ ಬಿಚ್ಚುವ ಮೊದಲೇ ಪಾಲು ಮುಗಿದಿತ್ತು!

ಅಲ್ಲಿಂದ ಮುಂದೆ ಒಬ್ಬೊಬ್ಬನ ಲೆಕ್ಕ ಬಿಟ್ಟು ಹತ್ತು ಜನರದ್ದು ಒಟ್ಟಿಗೆ ಹಾಕಿದೆ. ರಾತ್ರಿ ಅರ್ಧ ಜನ ಎಚ್ಚರ ಇರಲೇಬೇಕು. ಮತ್ತೆ ಹತ್ತು ಸ್ಲೀಪಿಂಗ್ ಬ್ಯಾಗ್ ಯಾಕೆ? ಐದು ಸಾಕು. ಒಬ್ಬ ಎದ್ದ ಬಿಸಿಯಲ್ಲೇ ಇನ್ನೊಬ್ಬ ಮಲಗಿದ. ವಾಸನೆಯ ವಿಷಯ ಕೇಳಬೇಡಿ. ರೇಡಿಯೋ ಸೆಟ್ಟಿನ ಬ್ಯಾಟರಿ ದಿನಾ ಒಬ್ಬನ ಬೆನ್ನಿಂದ ಇನ್ನೊಬ್ಬನ ಬೆನ್ನಿಗೆ ಹೋಯಿತು. ಹೆಚ್ಚುವರಿ ಬೂಟು ಕ್ಯಾಂಪಿನಲ್ಲೇ ಉಳಿಯಿತು. ಒಣ ಕಾಲುಚೀಲಕ್ಕೆ ಮಾತ್ರ ನಾನು ಕೈ ಹಾಕಲಿಲ್ಲ, ಗುಂಡಿಗೂ ಮೊದಲ ಚಿಕಿತ್ಸೆಯ ಪಟ್ಟಿಗೂ ಹಾಕಲಿಲ್ಲ. ಇಷ್ಟಾದರೂ 20ಕ್ಕೆ ಇಳಿಯಲಿಲ್ಲ. 25ರ ಆಸುಪಾಸಿಗೆ ಬಂತು. ಜಾಕೆಟ್ ಬಿಡೋಣ ಅಂದವರಿದ್ದರು. ನಾನು ಒಪ್ಪಲಿಲ್ಲ. ಆ ಏರಿನಲ್ಲಿ ನನ್ನನ್ನು ಶಪಿಸಿರಬಹುದು.

ಕೊನೆಯ ಪರೀಕ್ಷೆ ಅಪ್ಪನದ್ದೇ. ಎಲ್ಲ ಕಟ್ಟಿಕೊಂಡು ನೆಲಕ್ಕೆ ಬೋರಲು ಬೀಳಬೇಕು, ಯಾರ ಕೈಯನ್ನೂ ಹಿಡಿಯದೆ ಎದ್ದು ಇಪ್ಪತ್ತು ಹೆಜ್ಜೆ ಓಡಬೇಕು. ಗುಂಡು ಹಾರಿದಾಗ ಮಾಡಬೇಕಾದ್ದು ಅದೇ ಕೆಲಸ. ಆಗದಿದ್ದವನ ಪಿಟ್ಠು ಅಲ್ಲೇ ಬಿಚ್ಚಿಸುತ್ತಿದ್ದೆ.

ಈಗ ಊರಿನಲ್ಲಿದ್ದೇನೆ. ಸೈನ್ಯಕ್ಕೆ ಸೇರಬೇಕೆಂಬ ಹುಡುಗರು ಭಾನುವಾರ ನನ್ನ ಜೊತೆ ಪೊಸಡಿ ಗುಂಪೆ ಗುಡ್ಡ ಹತ್ತುತ್ತಾರೆ. ಮೊನ್ನೆ ಒಬ್ಬ ಬ್ಯಾಗಿಗೆ ಮರಳು ತುಂಬಿಸಿ ತಂದಿದ್ದ. "ಮಾವ, ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟಿಷರು 36 ಕಿಲೋ ಹೊತ್ತು ಮೂರು ದಿನದಲ್ಲಿ 90 ಕಿಲೋಮೀಟರ್ ನಡೆದರಂತೆ" ಅಂದ. ನಿಜವೇ. ಆದರೆ 1982ರ ಮೇ 25ರಂದು ಅವರ ಸಾಮಾನಿನ ಹಡಗಿಗೆ ಕ್ಷಿಪಣಿ ಬಡಿದು, ಜನರನ್ನೂ ಸಾಮಾನನ್ನೂ ಸಾಗಿಸಬೇಕಿದ್ದ ಮೂರು ಚಿನೂಕ್ ಹೆಲಿಕಾಪ್ಟರ್ ನಾಶವಾಗಿದ್ದವು. ಅವರು ಶೋಕಿಗೆ ನಡೆದದ್ದಲ್ಲ ಅಂದೆ. ಅವನಿಗೆ ಅಷ್ಟು ಹಿಡಿಸಲಿಲ್ಲ. ಬೋರಲು ಮಲಗಿ ಏಳು ನೋಡೋಣ ಅಂದೆ. ಆಮೆಯ ಹಾಗೆ ಕೈಕಾಲು ಆಡಿಸಿದ.

ಐದು ಗೆರಟೆ ಮರಳು ಸುರಿದ ಮೇಲೆ ಎದ್ದ.