ಕಾಯಿಲ್ ಬದಲಿಸುವ ಮುನ್ನ ವೋಲ್ಟ್, ಆಂಪಿಯರ್ ಅಳೆಯಿರಿ

ಮುಂಬೈಯ ಮಾಟುಂಗದ ಹೋಟೆಲುಗಳಲ್ಲಿ ವೈರಿಂಗ್ ಕೆಲಸ ಮಾಡುತ್ತ ನನಗೆ ಇಪ್ಪತ್ತೆರಡು ವರ್ಷವಾಯಿತು. ಊರಿನಿಂದ ಕಸುಬು ಕಲಿಯಲು ಬರುವ ಹುಡುಗರಿಗೆ ಮೊದಲ ದಿನ ಹೇಳಿಕೊಡುವುದು ಎರಡೇ ಲೆಕ್ಕ. ವೋಲ್ಟ್ ಎಂದರೆ ಕರೆಂಟನ್ನು ತಳ್ಳುವ ಒತ್ತಡ, ಆಂಪಿಯರ್ ಎಂದರೆ ಹರಿಯುವ ಕರೆಂಟಿನ ಅಳತೆ. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ಓಮ್, ಅಂದರೆ ರೋಧ, ಕರೆಂಟಿಗೆ ಒಡ್ಡುವ ಅಡ್ಡಿ. ಗುಣಿಸಿದರೆ ವ್ಯಾಟ್, ಅಂದರೆ ಸಾಮರ್ಥ್ಯ. ಇಷ್ಟನ್ನು ಬಾಯಿಪಾಠ ಮಾಡಲು ಎರಡು ನಿಮಿಷ ಸಾಕು. ಅಳತೆ ತಪ್ಪದಂತೆ ತೆಗೆಯಲು ಮಾತ್ರ ಕೈ ಪಳಗಬೇಕು.

ಕಳೆದ ಮಳೆಗಾಲದಲ್ಲಿ ಒಂದು ಹೋಟೆಲಿನಿಂದ ಕರೆ ಬಂತು. ಕಾಫಿಗೆ ನೀರು ಕಾಯಿಸುವ ಹೀಟರ್ ನಿಧಾನವಾಗಿತ್ತು. ಅದರೊಳಗೆ ಬಿಸಿಯಾಗುವ ಸುರುಳಿ ತಂತಿಯೇ ಕಾಯಿಲ್. "ಕಾಯಿಲ್ ಹೋಗಿದೆ ಮಾರಾಯರೇ, ಹೊಸದು ಹಾಕಿಬಿಡಿ" ಎಂದರು ಭಟ್ಟರು. ಹೀಟರಿನ ಮೇಲೆ 230 ವೋಲ್ಟ್, 2000 ವ್ಯಾಟ್ ಎಂದು ಬರೆದಿತ್ತು. 2000ವನ್ನು 230ರಿಂದ ಭಾಗಿಸಿದರೆ ಸುಮಾರು 8.7 ಆಂಪಿಯರ್, 230ನ್ನು ಆ 8.7ರಿಂದ ಭಾಗಿಸಿದರೆ 26.4 ಓಮ್. ಇದು ಆ ಕಾಯಿಲಿನ ಜಾತಕ.

ಈಗ ಅಳತೆ. ಹೀಟರ್ ಓಡುತ್ತಿರುವಾಗಲೇ ಅಳೆಯಬೇಕು. ಕರೆಂಟ್ ಹರಿಯದಿದ್ದರೆ ಸಡಿಲ ಜೋಡಣೆಯಲ್ಲೂ ವೋಲ್ಟ್ ಪೂರ್ತಿ ತೋರಿಸುತ್ತದೆ, ದೋಷ ಅಡಗಿಕೊಳ್ಳುತ್ತದೆ. ವೈರಿನ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರಿನ ಬಾಯೊಳಗೆ ಒಂದೇ ವೈರ್ ಇರಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಹೋಗುವ ಕರೆಂಟ್, ಬರುವ ಕರೆಂಟ್ ಒಂದನ್ನೊಂದು ಅಳಿಸಿಹಾಕಿ ಮೀಟರ್ ಸೊನ್ನೆ ತೋರಿಸುತ್ತದೆ. ಇನ್ನು ಮಲ್ಟಿಮೀಟರನ್ನು ಆಂಪಿಯರಿಗೆ ತಿರುಗಿಸಿ ಸಾಕೆಟ್ಟಿಗೆ ಚುಚ್ಚಲೇಬೇಡಿ, ಅದು ನೇರ ಶಾರ್ಟ್ ಸರ್ಕ್ಯೂಟ್. ಒದ್ದೆ ನೆಲದ ಅಡುಗೆಮನೆಯಲ್ಲಿ ಬಿಚ್ಚಿದ ಟರ್ಮಿನಲ್ ಮುಟ್ಟುವ ಕೆಲಸವನ್ನು ಕಲಿತವರಿಗೇ ಬಿಡಿ.

ನನಗೆ ಸಿಕ್ಕಿದ್ದು ಹೀಟರಿನ ಟರ್ಮಿನಲ್‌ನಲ್ಲಿ 216 ವೋಲ್ಟ್, 8.2 ಆಂಪಿಯರ್. ಭಾಗಿಸಿದರೆ 26.3 ಓಮ್. ಜಾತಕ ಕೂಡಿಬಂತು, ಕಾಯಿಲ್ ಗಟ್ಟಿಯಾಗಿತ್ತು. ಗುಣಿಸಿದರೆ ಮಾತ್ರ 1771 ವ್ಯಾಟ್. ರೋಧ ಅಷ್ಟೇ ಇದ್ದರೂ ವೋಲ್ಟ್ ಇಳಿದರೆ ಕರೆಂಟೂ ಇಳಿಯುತ್ತದೆ, ಹಾಗಾಗಿ ವ್ಯಾಟಿಗೆ ಎರಡು ಕಡೆಯಿಂದ ಪೆಟ್ಟು.

ಅದೇ ಹೊತ್ತಿಗೆ, ಹೀಟರಿಗೆ ಕರೆಂಟ್ ಹೊರಡುವ ಬೋರ್ಡಿನಲ್ಲಿ ಅಳೆದರೆ 222 ವೋಲ್ಟ್ ಇತ್ತು. ನಡುವೆ 6 ವೋಲ್ಟ್ ಎಲ್ಲಿಗೆ ಹೋಯಿತು? 6ನ್ನು 8.2ರಿಂದ ಗುಣಿಸಿ: 49 ವ್ಯಾಟ್. ನನ್ನ ಚೀಲದಲ್ಲಿರುವ ಸೋಲ್ಡರಿಂಗ್ ಐರನ್ 25 ವ್ಯಾಟಿನದು, ಅದೇ ಸೀಸ ಕರಗಿಸುತ್ತದೆ. ಅಂಥ ಎರಡರ ಶಾಖ ದಾರಿಯಲ್ಲೇ ಸೋರುತ್ತಿತ್ತು. ಪ್ಲಗ್ ಮುಟ್ಟಿದೆ, ಸುಡುತ್ತಿತ್ತು. ಮೇನ್ ಆಫ್ ಮಾಡಿ 16 ಆಂಪಿಯರ್ ಸಾಕೆಟ್ಟನ್ನು ಬಿಚ್ಚಿದಾಗ ಒಂದು ತಿರುಪು ಸಡಿಲ, ಅದರ ಸುತ್ತಲ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಉಬ್ಬಿತ್ತು. ಗೋಡೆಗೆ ಎಣ್ಣೆಜಿಡ್ಡು ಹಿಡಿದ ಅಡುಗೆಮನೆ ಅದು. ಇನ್ನೊಂದು ತಿಂಗಳು ಯಾರೂ ನೋಡದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಎದೆ ನಡುಗುತ್ತದೆ. ಸಾಕೆಟ್ ಬದಲಿಸಿ, ವೈರಿನ ಸುಟ್ಟ ತುದಿ ಕತ್ತರಿಸಿ ಮತ್ತೆ ಬಿಗಿದ ಮೇಲೆ ವ್ಯತ್ಯಾಸ 1 ವೋಲ್ಟಿಗೆ ಇಳಿಯಿತು.

ಜೊತೆಗಿದ್ದ ಹುಡುಗ ಅದೇ ಲೆಕ್ಕವನ್ನು ಹಿಟ್ಟು ರುಬ್ಬುವ ಗ್ರೈಂಡರಿಗೂ ಹಾಕಿದ: 220 ವೋಲ್ಟ್, 5 ಆಂಪಿಯರ್, 1100 ವ್ಯಾಟ್. ಮೋಟಾರಿಗೆ ಇದು ಸಲ್ಲದು. ಅಲ್ಲಿ ಪವರ್ ಫ್ಯಾಕ್ಟರಿನಿಂದಲೂ, ಅಂದರೆ ಆ ಗುಣಲಬ್ಧದಲ್ಲಿ ನಿಜಕ್ಕೂ ವ್ಯಾಟ್ ಆಗುವ ಪಾಲಿನಿಂದಲೂ, ಗುಣಿಸಬೇಕು. ಫಲಕದ ಮೇಲೆ 0.8 ಎಂದಿದ್ದುದರಿಂದ ಉತ್ತರ ಸುಮಾರು 880 ವ್ಯಾಟ್. ಭಾಗಿಸಿದಾಗ ಬರುವ 44 ಓಮ್ ಕೂಡ ಮೋಟಾರಿನ ತಂತಿಯ ರೋಧವಲ್ಲ. ಅದು ಬೇಕಿದ್ದರೆ ಪ್ಲಗ್ ಕಿತ್ತು, ಮೀಟರನ್ನು ಓಮ್‌ಗೆ ತಿರುಗಿಸಿ ಅಳೆಯಬೇಕು.