ಕ್ಯಾಸಿನೊಗೆ ಎಷ್ಟು ದೂರದಲ್ಲಿ ಮಲಗಬೇಕು? ಗೋವಾದ ನನ್ನ ಮೊದಲ ಪೋಕರ್ ಪ್ರವಾಸ

ಬೆಳಗಿನ ಜಾವ ಮೂರೂ ಮುಕ್ಕಾಲು. ಪಣಜಿಯಲ್ಲಿ ಕ್ಯಾಸಿನೊ ದೋಣಿಗಳು ದಡ ಸೇರುವ ಜೆಟ್ಟಿಯ ಎದುರು ರಸ್ತೆ ಬದಿ ನಿಂತಿದ್ದೆ. ಜಿನುಗು ಮಳೆ. ಅಲ್ಲಿದ್ದ ಒಂದೇ ಒಂದು ಟ್ಯಾಕ್ಸಿಯವನು ಕಲಂಗುಟ್‌ಗೆ ಎರಡು ಸಾವಿರ ಅಂದ. ಇರೋದು ಹದಿನೈದು ಕಿಲೋಮೀಟರು. ನಾನು ಮುಖ ನೋಡಿದ್ದಕ್ಕೆ, "ಬೇಕಿದ್ರೆ ಹತ್ತಿ, ಇಲ್ಲಾಂದ್ರೆ ಬೆಳಗಾಗೋವರೆಗೂ ನಿಂತಿರಿ" ಅಂತ ಹಿಂದಿಯಲ್ಲಿ ಹೇಳಿ ಸೀಟು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದ. ಕಲಂಗುಟ್‌ನಲ್ಲಿ ನನ್ನ ರೂಮಿನ ಬಾಡಿಗೆ ರಾತ್ರಿಗೆ 1,600. ಅಷ್ಟು ಕಮ್ಮಿಗೆ ಸಿಕ್ಕಿತು ಅಂತ ಬೆಂಗಳೂರಿನಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡಿದ್ದೆ. ರೂಮಿಗಿಂತ ರೂಮಿಗೆ ಹೋಗುವ ದಾರಿಯೇ ದುಬಾರಿಯಾಯಿತು.

ಹತ್ತಿದೆ. ಇನ್ನೇನು ಮಾಡಲಿ? ನಾನು ಹೋದಾಗ ಗೋವಾದಲ್ಲಿ ಓಲಾ, ಊಬರ್ ಇರಲಿಲ್ಲ. ಗೋವಾಮೈಲ್ಸ್ ಅಂತ ಒಂದು ಆ್ಯಪ್ ಇದೆ, ಹಗಲು ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಆ ಹೊತ್ತಿನಲ್ಲಿ ಎಷ್ಟು ಸಲ ಒತ್ತಿದರೂ ನನಗೆ ಗಾಡಿ ಸಿಗಲಿಲ್ಲ.

ಇದು 2025ರ ಅಕ್ಟೋಬರ್‌ ಮಾತು, ದಸರಾ ರಜೆ ಮುಗಿದ ಮೇಲಿನ ವಾರ. ಅದಕ್ಕೂ ಮುಂಚೆ ನಾಲ್ಕೈದು ವರ್ಷ ಮೊಬೈಲಿನಲ್ಲೇ ಪೋಕರ್ ಆಡಿದ್ದೆ. ಆಗಸ್ಟ್‌ನಲ್ಲಿ ಆನ್‌ಲೈನ್ ಹಣದ ಆಟ ನಿಲ್ಲಿಸುವ ಕೇಂದ್ರದ ಕಾನೂನು ಬಂತು, ಆ್ಯಪ್‌ಗಳೆಲ್ಲ ಬಂದ್ ಆದವು. ಒಮ್ಮೆ ನಿಜವಾದ ಟೇಬಲ್ಲಿನಲ್ಲಿ ಕೂತು ನೋಡೋಣ ಅನ್ನಿಸಿತು. ನಾಲ್ಕು ರಾತ್ರಿ ಇರುವ ಲೆಕ್ಕ ಹಾಕಿಕೊಂಡು ಹೊರಟೆ. ಹೆಂಡತಿಗೆ ಇದ್ದದ್ದು ಇದ್ದ ಹಾಗೆ ಹೇಳಿದ್ದೆ. ಒಂದು ವಾರ ಹೋಟೆಲ್ ಫೋಟೊಗಳನ್ನೇ ತಿರುವಿ ಹಾಕುತ್ತಿದ್ದದ್ದನ್ನು ನೋಡಿ, "ಹೋಗೋದು ಇಸ್ಪೀಟು ಆಡೋಕೆ, ರೂಮ್ ನೋಡೋದು ಮಾತ್ರ ಹನಿಮೂನ್ ಥರ" ಅಂದಳು.

ಅವಳು ಹೇಳಿದ್ದು ಸರಿಯಾಗೇ ಇತ್ತು. ನಾನು ನೋಡುತ್ತಿದ್ದದ್ದು ಈಜುಕೊಳ, ಬಾಲ್ಕನಿ, ಬೀಚಿಗೆ ಎಷ್ಟು ಹೆಜ್ಜೆ ಅಂತ. ಗೋವಾ ಅಂದ ಕೂಡಲೇ ತಲೆ ಕಲಂಗುಟ್, ಬಾಗಾ ಕಡೆ ಓಡುತ್ತದೆ ಅಲ್ವಾ? ಪೋಕರ್ ಆಡುವ ಟೇಬಲ್ ಎಲ್ಲಿದೆ ಅಂತ ನೋಡಿ, ಅಲ್ಲಿಂದ ರೂಮ್ ಹುಡುಕಬೇಕಿತ್ತು.

ಟೇಬಲ್ ಇರೋದು ನೀರಿನ ಮೇಲೆ. ಗೋವಾದ 1976ರ ಜೂಜು ಕಾನೂನಿಗೆ ಆಮೇಲೆ ಮಾಡಿದ ತಿದ್ದುಪಡಿಗಳ ಪ್ರಕಾರ, ದಡದ ಮೇಲಿನ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಗಳಿಗೆ ಮಾತ್ರ ಅನುಮತಿ. ಡೀಲರ್ ಕೂತು ಎಲೆ ಹಂಚುವ ಟೇಬಲ್ಲುಗಳು ಹಡಗಿನ ಮೇಲೆ. ಆ ಹಡಗುಗಳು ಪಣಜಿಯ ಎದುರು ಮಾಂಡೋವಿ ನದಿಯಲ್ಲಿ ಲಂಗರು ಹಾಕಿ ನಿಂತಿವೆ. ದಯಾನಂದ ಬಾಂದೋಡ್ಕರ್ ಮಾರ್ಗದ ಉದ್ದಕ್ಕೂ ಅವುಗಳ ಕೌಂಟರುಗಳು. ಅಲ್ಲಿ ಗುರುತಿನ ಚೀಟಿ ತೋರಿಸಬೇಕು. 21 ತುಂಬಿರಬೇಕು, ಗೋವಾದವರಿಗೆ ಪ್ರವೇಶ ಇಲ್ಲ. ಅಲ್ಲಿಂದ ಸಣ್ಣ ದೋಣಿಯಲ್ಲಿ ಹಡಗಿಗೆ. ವಾಪಸ್ ಬರುವಾಗಲೂ ಅದೇ ದೋಣಿಗೆ ಕಾಯಬೇಕು. ಲಾಸ್ ವೇಗಸ್‌ನಲ್ಲಾದರೆ ಟೇಬಲ್ಲಿನಿಂದ ಎದ್ದು ಲಿಫ್ಟ್ ಹತ್ತಿದರೆ ರೂಮು. ಇಲ್ಲಿ ಆಟಕ್ಕೂ ಹಾಸಿಗೆಗೂ ನಡುವೆ ಒಂದಷ್ಟು ನೀರು ಇದ್ದೇ ಇರುತ್ತದೆ. ನೀರು ದಾಟಿದ ಮೇಲೆ ಇನ್ನೆಷ್ಟು ದೂರ ಅನ್ನೋದಷ್ಟೇ ನಮ್ಮ ಕೈಯಲ್ಲಿರೋದು.

ಕಲಂಗುಟ್ ರೂಮಿನಲ್ಲಿ ಎರಡನೇ ತೊಂದರೆ ಬೆಳಿಗ್ಗೆ ಗೊತ್ತಾಯಿತು. ನಾಲ್ಕೂವರೆಗೆ ಮಲಗಿದೆ. ಏಳೂವರೆಗೆ ಕಿಟಕಿಯ ತೆಳು ಪರದೆಯಿಂದ ಬಿಸಿಲು ನೇರ ಮುಖಕ್ಕೆ. ಎಂಟಕ್ಕೆ ಈಜುಕೊಳದಲ್ಲಿ ಮಕ್ಕಳ ಗಲಾಟೆ. ಒಂಬತ್ತೂವರೆಗೆ ರೂಮ್ ಕ್ಲೀನ್ ಮಾಡುವವರು ಬಾಗಿಲು ತಟ್ಟಿದರು. ಹತ್ತಕ್ಕೆ ತಿಂಡಿ ಕ್ಲೋಸ್. ಆ ತಿಂಡಿಗೂ ಸೇರಿಸಿ ದುಡ್ಡು ಕೊಟ್ಟಿದ್ದೆ. ಪ್ರವಾಸಿಗರ ಹೋಟೆಲು ಹಗಲು ಎದ್ದಿರುವವರಿಗಾಗಿ ನಡೆಯುತ್ತದೆ. ಪೋಕರ್ ಆಡುವವನ ದಿನ ಮಧ್ಯಾಹ್ನ ಒಂದಕ್ಕೆ ಶುರು. ತಪ್ಪು ಹೋಟೆಲಿನವರದಲ್ಲ, ನನ್ನದೇ. ಉಳಿದ ಮೂರು ರಾತ್ರಿಗೆ ಕಟ್ಟಿದ್ದ ದುಡ್ಡು ವಾಪಸ್ ಬರಲಿಲ್ಲ. ಯಾಕಂದರೆ ನಾನೂರು ರೂಪಾಯಿ ಉಳಿಸೋಕೆ ಕ್ಯಾನ್ಸಲ್ ಮಾಡಲಾಗದ ದರ ಆರಿಸಿಕೊಂಡಿದ್ದೆ.

ಬ್ಯಾಗು ಹೆಗಲಿಗೇರಿಸಿ ಬಸ್ಸಿನಲ್ಲಿ ಪಣಜಿಗೆ ಬಂದೆ. ಈ ಸಲ ಫೋಟೊ ನೋಡಲಿಲ್ಲ, ಕಾಲಲ್ಲೇ ಹುಡುಕಿದೆ. ಜೆಟ್ಟಿಯಿಂದ ಗಡಿಯಾರ ನೋಡಿಕೊಂಡು ನಡೆಯೋದು, ಹೋಟೆಲ್ ಬಾಗಿಲಿಗೆ ಬಂದಾಗ ಎಷ್ಟು ನಿಮಿಷ ಆಯಿತು ನೋಡೋದು.

ಮೊದಲು ನೋಡಿದ್ದು ನದಿ ಎದುರಿನ ಒಂದು ಹೋಟೆಲು. ಜೆಟ್ಟಿಗೆ ಮೂರು ನಿಮಿಷ. ಬಾಡಿಗೆ 6,800. ರೂಮ್ ತೋರಿಸಿದ ಹುಡುಗ ಪರದೆ ಸರಿಸಿ, "ಸರ್, ರಾತ್ರಿ ಇಲ್ಲಿಂದ ಎಲ್ಲ ಕ್ಯಾಸಿನೊ ಲೈಟ್ ಕಾಣಿಸುತ್ತೆ" ಅಂದ. ಅದು ಕೇಳಿಯೇ ಬೇಡ ಅನ್ನಿಸಿತು. ಸೋತು ಬಂದ ರಾತ್ರಿ, ಹಾಸಿಗೆ ಮೇಲಿಂದ ಆ ನೇರಳೆ, ಕೆಂಪು ದೀಪ ಮಿಣಮಿಣ ಅನ್ನುತ್ತಿದ್ದರೆ ನನ್ನಂಥವನು ಸುಮ್ನೆ ಮಲಗಿರ್ತಾನಾ? ಮೂರು ನಿಮಿಷ ತುಂಬಾ ಹತ್ತಿರ.

ಬೇತಿಂ ಕಡೆ, ನದಿಯ ಆಚೆ ದಡದಲ್ಲಿ, ಅಗ್ಗದ ರೂಮುಗಳಿದ್ದವು. ಫೆರಿಯಲ್ಲಿ ನಡೆದು ಹತ್ತುವವರಿಗೆ ದುಡ್ಡಿಲ್ಲ. ಹಗಲಿಗೆ ಬಹಳ ಚೆಂದದ ದಾರಿ. ಆದರೆ ಒಂದು ದೋಣಿ ಇಳಿದು ಇನ್ನೊಂದು ದೋಣಿಗೆ ಕಾಯುವ ಆಸೆ ನನಗಿರಲಿಲ್ಲ. ಸ್ಕೂಟರ್ ಬಾಡಿಗೆಗೆ ತಗೋ ಅಂತ ಒಬ್ಬ ಗೆಳೆಯ ಹೇಳಿದ. ರಾತ್ರಿಯೆಲ್ಲ ನಿದ್ದೆಗೆಟ್ಟವನು, ಮಳೆ, ಗುರುತಿಲ್ಲದ ರಸ್ತೆ. ಬೇಡಪ್ಪ.

ಕೊನೆಗೆ ಸಿಕ್ಕಿದ್ದು ಫೌಂಟೇನ್ಹಾಸ್‌ನಲ್ಲಿ. ಪೋರ್ಚುಗೀಸರ ಕಾಲದ ಹಳದಿ, ನೀಲಿ ಮನೆಗಳ ಕೇರಿ ಅದು. ಅಂಥದೇ ಒಂದು ಹಳೇ ಮನೆಯನ್ನು ಗೆಸ್ಟ್‌ಹೌಸ್ ಮಾಡಿದ್ದರು. ಜೆಟ್ಟಿಯಿಂದ ನನ್ನ ನಡಿಗೆಗೆ ಹದಿನಾಲ್ಕು ನಿಮಿಷ. ಬಾಡಿಗೆ 2,800. ಕದಂಬ ಬಸ್ ನಿಲ್ದಾಣವೂ ಊರೆಂ ತೊರೆ ದಾಟಿದರೆ ಅಲ್ಲೇ. ಬಸ್ಸಿಗೆ ಬರುವವರು ಆಟೊ ಹಿಡಿಯಬೇಕಾಗಿಲ್ಲ. ಬಿಲ್ಲಿನಲ್ಲಿ ಒಂದು ತಮಾಷೆ ಕಂಡಿತು. ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮುಗಳಿಗೆ ಜಿಎಸ್‌ಟಿ 12ರಿಂದ ಶೇ. 5ಕ್ಕೆ ಇಳಿದಿತ್ತು. ಅದೇ ದಿನದಿಂದ ಕ್ಯಾಸಿನೊಗೆ 28ರಿಂದ ಶೇ. 40ಕ್ಕೆ ಏರಿತ್ತು. ಮಲಗು, ಆಡಬೇಡ ಅಂತ ಸರ್ಕಾರವೇ ಹೇಳಿದ ಹಾಗೆ. 7,500 ದಾಟಿದ ರೂಮಿಗೆ ಮಾತ್ರ ಈಗಲೂ ಶೇ. 18. ಹಾಗಾಗಿ ಆ ಗಡಿಯ ಆಸುಪಾಸಿನ ರೂಮ್ ನೋಡುವಾಗ ತೆರಿಗೆ ಸೇರಿಸಿಯೇ ಹೋಲಿಸಬೇಕು.

ರಿಸೆಪ್ಶನ್ನಿನಲ್ಲಿದ್ದ ಹುಡುಗ ನನ್ನ ಆಧಾರ್ ನೋಡಿ ತಲೆ ಎತ್ತಿದ. "ದಾವಣಗೇರಿಯವ್ರೇನ್ರಿ ಸರ? ನಮ್ದು ಹಾವೇರಿ ಕಡೆ." ಗೋವಾದಲ್ಲಿ ನಮ್ಮ ಉತ್ತರ ಕರ್ನಾಟಕದವರು ಎಲ್ಲಿ ಹೋದರೂ ಸಿಗುತ್ತಾರೆ. ಅವನಿಗೆ ನೇರವಾಗಿ ಹೇಳಿದೆ: ನಾನು ಬರೋದು ಬೆಳಗಿನ ಜಾವ, ಏಳೋದು ಮಧ್ಯಾಹ್ನ, ತಿಂಡಿ ಬೇಡ, ಗೇಟು ತೆಗೆಯೋರು ಇರ್ತಾರಾ, ರೂಮಿನಲ್ಲಿ ಲಾಕರ್ ಇದೆಯಾ? "ಗೇಟ್ ನಾನೇ ತಗೀತೀನ್ರಿ. ಲಾಕರ್ ಐತಿ. ಆದ್ರ ಮುಂದಿನ ರೂಮ್ ಬ್ಯಾಡ್ರಿ ನಿಮಗ. ಹಿಂದಿಂದು ತಗೋರಿ." ಮುಂದಿನ ರೂಮಿಗೆ ಬಣ್ಣದ ಗಾಜಿನ ಕಿಟಕಿ, ರಸ್ತೆಗೆ ಬಾಲ್ಕನಿ ಇತ್ತು. ಹಿಂದಿನದಕ್ಕೆ ಗೋಡೆ ನೋಡುವ ಒಂದು ಸಣ್ಣ ಕಿಟಕಿ. ನಾನು ಜಾಣನ ಹಾಗೆ ಮುಂದಿನದನ್ನೇ ತಗೊಂಡೆ.

ಮರುದಿನ ಬೆಳಿಗ್ಗೆ ಆರಕ್ಕೆ ಬಾಲ್ಕನಿ ಕೆಳಗೆ ಪೋಂ ಪೋಂ, ಪೋಂ ಪೋಂ. ಸೈಕಲ್ಲಿನಲ್ಲಿ ಬುಟ್ಟಿ ಕಟ್ಟಿಕೊಂಡು ಬ್ರೆಡ್ ಮಾರುವ ಪೊದೇರ್. ಅದು ಮುಗಿಯಿತು ಅನ್ನುವಷ್ಟರಲ್ಲಿ ಚರ್ಚ್ ಗಂಟೆ. ಮೇಲಿನ ಬಿಳಿ ಮೆಟ್ಟಿಲುಗಳ ದೊಡ್ಡ ಚರ್ಚಿನ ಆ ಗಂಟೆ ಹಿಂದೆ ಹಳೇ ಗೋವಾದ ಅಗಸ್ಟೀನಿಯನ್ ಮಠದಲ್ಲಿತ್ತಂತೆ. ಚಿಕ್ಕ ಗಂಟೆಯೇನಲ್ಲ ಅದು. ಕೆಳಗಿಳಿದು ಹೋಗಿ, ಇನ್ನೂ ಬಿಸಿ ಇದ್ದ ಎರಡು ಪೊಯ್ ತಗೊಂಡು, ಅಲ್ಲೇ ಕಟ್ಟೆ ಮೇಲೆ ಕೂತು ತಿಂದೆ. ಹೊರಗೆ ಗೋಧಿ ತವುಡಿನ ತರಿ, ಒಳಗೆ ಟೊಳ್ಳು. ಆಮೇಲೆ ಹಿಂದಿನ ರೂಮಿಗೆ ಸಾಮಾನು ಸಾಗಿಸಿದೆ. ಹಾವೇರಿ ಹುಡುಗ ಏನೂ ಅನ್ನಲಿಲ್ಲ, ಕೀ ಕೊಟ್ಟ.

ಆ ಹದಿನಾಲ್ಕು ನಿಮಿಷದ ಬಗ್ಗೆ ಹೇಳಬೇಕು. ನನ್ನ ಲೆಕ್ಕ ಹೀಗಿತ್ತು: ದಿನಕ್ಕೆ ಎರಡು ಬೈ-ಇನ್ (ಒಂದು ಸಲ ಟೇಬಲ್ಲಿಗೆ ಕೂರಲು ಕಟ್ಟುವ ದುಡ್ಡು) ಮಾತ್ರ ಜೇಬಿನಲ್ಲಿ. ಉಳಿದ ದುಡ್ಡು, ಎಲ್ಲ ಕಾರ್ಡು, ರೂಮಿನ ಲಾಕರಿನಲ್ಲಿ. ಯುಪಿಐ ಮಿತಿಯನ್ನೂ ಇಳಿಸಿಟ್ಟಿದ್ದೆ. ಮೂರನೇ ರಾತ್ರಿ ಎರಡೂವರೆ ಹೊತ್ತಿಗೆ ಎರಡೂ ಬೈ-ಇನ್ ಹೋದವು. ಎರಡನೆಯದು ಹೋದದ್ದು ನನ್ನ ಕೈಯಲ್ಲಿ ಜೋಡಿ ಒಂಬತ್ತು, ಫ್ಲಾಪಿನಲ್ಲಿ (ಟೇಬಲ್ ಮೇಲೆ ಎಲ್ಲರಿಗೂ ಕಾಣುವಂತೆ ಮೊದಲು ತೆರೆಯುವ ಮೂರು ಎಲೆ) ಮೂರನೇ ಒಂಬತ್ತು ಬಿದ್ದಾಗ. ಎದುರಿನವನು ಫ್ಲಶ್, ಅಂದರೆ ಒಂದೇ ಜಾತಿಯ ಐದು ಎಲೆ, ಬೆನ್ನಟ್ಟಿಕೊಂಡು ಬಂದ; ರಿವರಿನಲ್ಲಿ, ಕೊನೆಯ ಎಲೆಯಲ್ಲಿ, ಸಿಕ್ಕಿತು ಅವನಿಗೆ. ಕಿವಿಯೆಲ್ಲ ಬಿಸಿ. ಇದೇ ಟೇಬಲ್ಲು, ಇವನೇ ಆಟಗಾರ, ಇನ್ನೊಂದು ಬೈ-ಇನ್ ತಂದರೆ ಎಲ್ಲ ವಾಪಸ್ ಬರುತ್ತೆ ಅನ್ನಿಸುತ್ತಿತ್ತು. ಪೋಕರ್‌ನವರು ಟಿಲ್ಟ್ ಅನ್ನೋದು ಇದಕ್ಕೇ. ಡೀಲರ್‌ಗೆ ಸೀಟು ಹಿಡಿದಿಡಿ ಅಂತ ಹೇಳಿ ದೋಣಿ ಹತ್ತಿದೆ.

ದಡದಲ್ಲಿ ಹಳೇ ಸೆಕ್ರೆಟೇರಿಯಟ್ ಕಟ್ಟಡ. ನಮ್ಮ ವಿಜಯಪುರದ ಆದಿಲ್‌ಶಾಹಿಗಳ ಅರಮನೆ ಅದು. ಪಕ್ಕದಲ್ಲಿ ಅಬ್ಬೆ ಫರಿಯಾನ ಪ್ರತಿಮೆ. ಗೋವಾದ ಪಾದ್ರಿ, ಪ್ಯಾರಿಸ್‌ಗೆ ಹೋಗಿ ಸಮ್ಮೋಹನ ವಿದ್ಯೆ ತೋರಿಸಿದವನು. ಎರಡೂ ಕೈ ಚಾಚಿ ಬಾಗಿ ನಿಂತಿದ್ದಾನೆ, ಒಬ್ಬಳು ಹೆಂಗಸು ಅವನ ಮುಂದೆ ಬಿದ್ದಿದ್ದಾಳೆ. ರಾತ್ರಿ ದೀಪದಲ್ಲಿ ನೋಡಿದರೆ ಸ್ವಲ್ಪ ಭಯವೇ ಆಗುತ್ತದೆ. ಅದನ್ನು ದಾಟಿ ನಡೆದೆ. ಅಂಗಡಿ ಬಾಗಿಲೆಲ್ಲ ಹಾಕಿತ್ತು. ಎರಡು ನಾಯಿ ಸ್ವಲ್ಪ ದೂರ ಜೊತೆಗೆ ಬಂದವು. ಗೇಟು ತೆಗೆದ ಹುಡುಗ, "ಇವತ್ತ ಲಗೂನ ಬಂದ್ರಿ ಸರ" ಅಂದ. ದುಡ್ಡು ತಗೊಂಡು ಹೋಗೋಕೆ ಬಂದೆ ಅಂತ ಅವನಿಗೆ ಹೇಳೋಕೆ ಯಾಕೋ ನಾಚಿಕೆಯಾಯಿತು. ರೂಮಿಗೆ ಹೋಗಿ, ಒದ್ದೆ ಶೂನಲ್ಲಿ ಕಲ್ಲು ಸೇರಿದೆ ಅಂತ ಬಿಚ್ಚಲು ಹಾಸಿಗೆ ಮೇಲೆ ಕೂತೆ. ಎಚ್ಚರವಾದಾಗ ಮಧ್ಯಾಹ್ನ ಹನ್ನೆರಡೂವರೆ. ಒಂದು ಕಾಲಲ್ಲಿ ಶೂ ಹಾಗೇ ಇತ್ತು.

ಟ್ಯಾಕ್ಸಿ ಬೇಕಾಗುವಷ್ಟು ದೂರ ಇದ್ದರೆ ಗಾಡಿಗೆ ದುಡ್ಡು ಕೊಡಬೇಕಲ್ಲ ಅಂತ ಏಳೋಕೇ ಮನಸ್ಸಾಗಲ್ಲ. ಮೊದಲ ರಾತ್ರಿ ಎರಡಕ್ಕೇ ಏಳಬೇಕಿದ್ದವನು ಮೂರೂವರೆವರೆಗೂ ಕೂತಿದ್ದು ಅದಕ್ಕೇ. ತೀರಾ ಹತ್ತಿರ ಇದ್ದರೆ ಸಿಟ್ಟು ಇಳಿಯುವ ಮೊದಲೇ ವಾಪಸ್ ಬಂದಿರ್ತೀವಿ. ನನಗೆ ಹತ್ತರಿಂದ ಹದಿನೈದು ನಿಮಿಷದ ನಡಿಗೆ ಸರಿಹೋಯಿತು. ಇದು ನನ್ನ ಸ್ವಭಾವದ ಅಳತೆ. ಹೆಂಗಸರು ಒಬ್ಬರೇ ಹೋಗುವುದಾದರೆ, ಅಥವಾ ಗೆದ್ದ ದುಡ್ಡು ಜೇಬಿನಲ್ಲಿ ಜಾಸ್ತಿ ಇದ್ದರೆ, ಆ ಹೊತ್ತಿನಲ್ಲಿ ನಡೆಯಿರಿ ಅಂತ ನಾನು ಹೇಳಲ್ಲ. ಗೆದ್ದ ಒಂದು ರಾತ್ರಿ ನಾನೂ ಅದೇ ದಾರಿಯ ಇನ್ನೊಬ್ಬ ಆಟಗಾರನ ಜೊತೆಗೇ ಬಂದೆ.

ಫ್ರೀ ರೂಮಿನ ವಿಷಯವೂ ಬಂತು. ಇಷ್ಟು ತಾಸು ಟೇಬಲ್ಲಿನಲ್ಲಿ ಕೂತರೆ ರೂಮ್ ಬಾಡಿಗೆ ನಮ್ಮದು ಅನ್ನುವ ಆಫರ್. ನನ್ನ ಪಕ್ಕ ಕೂತಿದ್ದ ಬೆಳಗಾವಿಯ ಒಬ್ಬರು ಅದರಲ್ಲೇ ಬಂದಿದ್ದರು. ರಾತ್ರಿ ಎರಡಕ್ಕೆ ಆಕಳಿಸುತ್ತಾ, ಎಲೆ ನೋಡಿ ಎಸೆಯುತ್ತಾ, ವಾಚು ನೋಡುತ್ತಿದ್ದರು. "ಇನ್ನ ಎರಡು ತಾಸು ಕೂಡಬೇಕ್ರಿ. ಇಲ್ಲಂದ್ರ ರೂಮಿನ ಬಿಲ್ ನಮ್ಮ ತಲಿಗೆ." ಅವರು ಆ ಎರಡು ತಾಸಿನಲ್ಲಿ ಕಳೆದುಕೊಂಡದ್ದರಲ್ಲಿ ನನ್ನ ಗೆಸ್ಟ್‌ಹೌಸಿನ ಒಂದು ವಾರದ ಬಾಡಿಗೆ ಬರುತ್ತಿತ್ತು. ಹೇಗೂ ಅಷ್ಟು ಹೊತ್ತು ಆಡುವವರಿಗೆ ಅದು ಲಾಭವೇ. ಮೊದಲ ಸಲ ಹೋಗುವವರಿಗೆ ತಾವೆಷ್ಟು ಹೊತ್ತು ಆಡ್ತೀವಿ ಅಂತಲೇ ಗೊತ್ತಿರಲ್ಲ.

ಟೂರ್ನಮೆಂಟ್ ಆಡುವವರಿಗೆ ಒಂದು ಮಾತು. ಎರಡು ದಿನದ ಆಟವಾದರೆ ಎರಡನೇ ದಿನಕ್ಕೆ ಉಳೀತೀವೋ ಇಲ್ಲವೋ ಗೊತ್ತಿರೋದಿಲ್ಲ. ಹಾಗಾಗಿ ಕೊನೆಯ ರಾತ್ರಿಯನ್ನು ಕ್ಯಾನ್ಸಲ್ ಮಾಡಬಹುದಾದ ದರದಲ್ಲೇ ಹಿಡಿಯಬೇಕು. ಚೆಕ್‌ಔಟ್ ಎಷ್ಟು ಹೊತ್ತಿಗೆ ಅಂತಲೂ ಮೊದಲೇ ಕೇಳಿ. ಹನ್ನೊಂದು ಗಂಟೆಗೆ ಖಾಲಿ ಮಾಡಿ ಅಂದರೆ ನಮಗದು ನಡುರಾತ್ರಿ. ನಾನು ಅರ್ಧ ದಿನದ ಬಾಡಿಗೆ ಜಾಸ್ತಿ ಕೊಟ್ಟು ಸಂಜೆಯವರೆಗೆ ಮಲಗಿ, ರಾತ್ರಿ ಬಸ್ ಹತ್ತಿದೆ. ಆ ದುಡ್ಡಿಗೆ ನನಗೆ ಬೇಜಾರಿಲ್ಲ. ದಿನ ಆರಿಸುವಾಗ ನವೆಂಬರ್ ಕೊನೆಯ ಚಲನಚಿತ್ರೋತ್ಸವ, ಕ್ರಿಸ್‌ಮಸ್, ಹೊಸ ವರ್ಷ, ಕಾರ್ನಿವಲ್ ಇವನ್ನು ತಪ್ಪಿಸಿ. ಪಣಜಿಯಲ್ಲಿ ಆಗ ರೂಮ್ ಸಿಗೋದೇ ಕಷ್ಟ.

ನಾಲ್ಕು ರಾತ್ರಿಯ ಒಟ್ಟು ಲೆಕ್ಕದಲ್ಲಿ ಆಟದಲ್ಲಿ ಸ್ವಲ್ಪ ಸೋತೆ. ಅದಕ್ಕೆ ಸುಮಾರು ಸಮನಾಗಿ ಕಲಂಗುಟ್ ರೂಮು ಮತ್ತು ಆ ಟ್ಯಾಕ್ಸಿಗೆ ಹೋಯಿತು. ಮನೆಗೆ ಬಂದ ಮೇಲೆ ಹೆಂಡತಿ ಕೇಳಿದ್ದು ಆಟದ ಬಗ್ಗೆ ಅಲ್ಲ, ಪೊಯ್ ಬಗ್ಗೆ.

ಕಳೆದ ತಿಂಗಳು ಮತ್ತೆ ಫೋನ್ ಮಾಡಿದೆ. ಹಾವೇರಿ ಹುಡುಗನೇ ಎತ್ತಿದ. ಇಬ್ಬರು ಬರ್ತಿದ್ದೀವಿ, ಈ ಸಲ ಮನೆಯವರೂ ಇದ್ದಾರೆ ಅಂದೆ.

"ಹಂಗಾದ್ರ ಮುಂದಿನ ರೂಮ್ ಹಾಕ್ಲೇನ್ರಿ? ಬಾಲ್ಕನಿ ಇರ್ತೈತಿ."

ನಾನು ಹಿಂದಿನದು ಅನ್ನಬೇಕು ಅಂತಿದ್ದೆ. ಫೋನು ಸ್ಪೀಕರಿನಲ್ಲಿತ್ತು. ಅಡುಗೆಮನೆಯಿಂದಲೇ ಉತ್ತರ ಹೋಯಿತು.